ತೋಳ ಬಿಡೋಕೆ ಅಷ್ಟೊಂದು ಇಲಾಖೆ ಯಾಕೆ?

ಪ್ರಶ್ನೆ: ಸರ್, ಅಮೆರಿಕದಲ್ಲಿ ಮೆಕ್ಸಿಕನ್ ತೋಳಗಳನ್ನ ಮತ್ತೆ ಕಾಡಿಗೆ ಬಿಟ್ಟಿರೋದರ ಬಗ್ಗೆ ಓದಿದೆ, ಅದರಲ್ಲಿ ನಾಲ್ಕೈದು ಇಲಾಖೆಗಳ ಹೆಸರಿತ್ತು. ಒಂದೇ ಇಲಾಖೆ ಮಾಡಿದ್ರೆ ಬೇಗ ಮುಗಿಯಲ್ವಾ?

ಉತ್ತರ: ಮುಗಿಯಲ್ಲ ಸರ್, ಶುರುನೇ ಆಗಲ್ಲ. ಯಾಕಂದ್ರೆ ಅಲ್ಲಿ ಅಳಿವಿನಂಚಿನ ಪ್ರಾಣಿಯ ಹೊಣೆ ಕೇಂದ್ರ ಸರ್ಕಾರದ ವನ್ಯಜೀವಿ ಇಲಾಖೆಯಾದ ಫಿಶ್ ಅಂಡ್ ವೈಲ್ಡ್‌ಲೈಫ್ ಸರ್ವಿಸ್‌ದು, ಆದ್ರೆ ಅದು ಓಡಾಡೋ ಕಾಡು ಹೆಚ್ಚಾಗಿ ಫಾರೆಸ್ಟ್ ಸರ್ವಿಸ್ ಕೈಲಿದೆ, ಅದು ಬೇಟೆಯಾಡೋ ಎಲ್ಕ್ ಜಿಂಕೆ ನೋಡ್ಕೊಳ್ಳೋದು ಅರಿಜೋನಾ, ನ್ಯೂ ಮೆಕ್ಸಿಕೋ ರಾಜ್ಯಗಳ ಇಲಾಖೆಗಳು, ಪಕ್ಕದಲ್ಲೇ ವೈಟ್ ಮೌಂಟನ್ ಅಪಾಚೆ ಬುಡಕಟ್ಟಿನವರ ನೆಲ, ಅಲ್ಲಿ ಅವರ ಮಾತೇ ನಡೆಯೋದು. ದನ ಸತ್ತು ಬಿದ್ರೆ ಚರ್ಮ ಬಿಡಿಸಿ, ಹಲ್ಲಿನ ಗಾಯದ ಸುತ್ತ ರಕ್ತ ಹೆಪ್ಪುಗಟ್ಟಿದೆಯಾ ಅಂತ ನೋಡಿ, ಕೊಂದಿದ್ದು ತೋಳನೋ ಅಥವಾ ಸತ್ತಮೇಲೆ ಬಂದು ತಿಂದಿದ್ದೋ ಅಂತ ಹೇಳೋದು ಕೃಷಿ ಇಲಾಖೆಯವರು. ನನ್ನ ಪ್ರಕಾರ ಇಡೀ ಯೋಜನೆ ನಿಂತಿರೋದೇ ಈ ಕೆಲಸದ ಮೇಲೆ, ದನ ಸಾಕೋನಿಗೆ ಆ ವರದಿ ಮೇಲೆ ನಂಬಿಕೆ ಇಲ್ಲ ಅಂದ್ರೆ ಪರಿಹಾರದ ದುಡ್ಡು ಕೊಟ್ರೂ ತೋಳದ ಮೇಲಿನ ಸಿಟ್ಟು ಹೋಗಲ್ಲ.

ಇನ್ನು ಜೂಗಳು. ಈಗಿರೋ ಮೆಕ್ಸಿಕನ್ ತೋಳಗಳೆಲ್ಲ ಬರೀ ಏಳು ತೋಳಗಳ ಸಂತಾನ, ಅವನ್ನ ಸಾಕಿ ಬೆಳೆಸಿದ ಮೇಲೆ 1998ರಲ್ಲಿ ಅರಿಜೋನಾದಲ್ಲಿ ಮೊದಲ 11 ತೋಳ ಬಿಟ್ರು. ಹತ್ತಿರದ ರಕ್ತಸಂಬಂಧದಲ್ಲೇ ಮರಿ ಆಗ್ತಾ ಹೋದ್ರೆ ತಳಿ ಕುಗ್ಗುತ್ತೆ, ಅದಕ್ಕೆ ಈಗ ಜೂಗಳಲ್ಲಿ ಹುಟ್ಟಿದ ಮರಿಗಳನ್ನ ಕಾಡಿನ ತಾಯಿ ಮಡಿಲಿಗೆ ಸೇರಿಸ್ತಾರೆ. ಇಲಾಖೆಗಳು ಒಟ್ಟಿಗೆ ಕೆಲಸ ಮಾಡೋದು ಅಂದ್ರೆ ಏನು ಅಂತ ಇಲ್ಲಿ ನೋಡ್ಬೇಕು. ಮರಿಗೆ ಎರಡು ವಾರ ತುಂಬೋದರೊಳಗೆ ಎಲ್ಲ ಆಗ್ಬೇಕು, ಕಾಡಲ್ಲೂ ಅದೇ ದಿನಗಳಲ್ಲಿ ಒಂದು ತೋಳ ಮರಿ ಹಾಕಿರಬೇಕು, ಅದು ಗೊತ್ತಾಗೋದು ರೇಡಿಯೋ ಕಾಲರ್ ಹಾಕಿರೋ ಹೆಣ್ಣು ಒಂದೇ ಜಾಗ ಬಿಟ್ಟು ಕದಲದೇ ಇದ್ದಾಗ. ಫೀಲ್ಡ್ ಟೀಮ್‌ನಿಂದ ಸುದ್ದಿ ಬಂದ ಕೂಡ್ಲೇ ಜೂ ಸಿಬ್ಬಂದಿ ಇನ್ನೂ ಕಣ್ಣು ಸರಿಯಾಗಿ ಬಿಡದ ಮರಿಗಳನ್ನ ವಿಮಾನದಲ್ಲಿ ಕಳಿಸ್ತಾರೆ, ದಾರಿಯುದ್ದಕ್ಕೂ ಬೆಚ್ಚಗಿಟ್ಟು ಹಾಲು ಕುಡಿಸ್ತಾ ಇರಬೇಕು. ಆಮೇಲೆ ಗುಡ್ಡ ಹತ್ತಿ ಗೂಡಿನ ಹತ್ರ ಹೋಗಿ, ಅಲ್ಲಿನ ಮರಿಗಳ ಜೊತೆ ಇವನ್ನ ಉಜ್ಜಿ, ಅದೇ ಮಣ್ಣು ಮೆತ್ತಿ, ಎಲ್ಲದರ ವಾಸನೆ ಒಂದೇ ಮಾಡಿ ಒಳಗಿಟ್ಟು ಬೇಗ ಜಾಗ ಖಾಲಿ ಮಾಡ್ತಾರೆ. ಜನ ಬಂದಾಗ ದೂರ ಸರಿದಿದ್ದ ತಾಯಿ ವಾಪಸ್ ಬಂದು ಎಲ್ಲಕ್ಕೂ ಹಾಲು ಕೊಡುತ್ತೆ.