ಪಿಗ್ಮಿ ಕಟ್ಟುವ ಕೈಗೆ ಎಸ್‌ಐಪಿ ಒಗ್ಗೀತೆ?

ಪ್ರಶ್ನೆ: ನನಗೆ 42 ವರ್ಷ, ಸಾಗರದಲ್ಲಿ ದಿನಸಿ ಅಂಗಡಿ ಇದೆ. ಇಷ್ಟು ವರ್ಷ ಪಿಗ್ಮಿ ಬಿಟ್ಟರೆ ಬೇರೆ ಉಳಿತಾಯ ಮಾಡಿದವನಲ್ಲ. ‘ಮ್ಯೂಚುವಲ್ ಫಂಡ್ ಉದ್ಯಮ 65 ಲಕ್ಷ ಕೋಟಿಗೆ ಬೆಳೆದಿದೆ, ನೀವೂ ಎಸ್‌ಐಪಿಯಲ್ಲಿ (ತಿಂಗಳಿಗಿಷ್ಟು ಎಂದು ಕಂತಿನಲ್ಲಿ ಹೂಡುವ ಕ್ರಮ) ತಿಂಗಳಿಗೆ ₹5,000 ಹಾಕಿ’ ಎಂದು ಬ್ಯಾಂಕಿನವರು ಒತ್ತಾಯಿಸುತ್ತಿದ್ದಾರೆ. ನಮ್ಮ ತಂದೆಯ ಹಣ 2001ರಲ್ಲಿ ಯುಎಸ್-64ರಲ್ಲಿ ಸಿಕ್ಕಿಬಿದ್ದಿತ್ತು. ಅದು ಮತ್ತೆ ಆಗುವುದಿಲ್ಲವೆ?

ಉತ್ತರ: ತಂದೆಯವರ ಯೂನಿಟ್‌ಗಳಿಂದಲೇ, ಅಂದರೆ ಯೋಜನೆಯಲ್ಲಿ ಅವರಿಗಿದ್ದ ಪಾಲುಗಳಿಂದಲೇ, ಶುರು ಮಾಡೋಣ. ಯುಟಿಐ (ಯೂನಿಟ್ ಟ್ರಸ್ಟ್ ಆಫ್ ಇಂಡಿಯಾ) 1964ರಲ್ಲಿ ತಂದ ಯುಎಸ್-64 ಎಂಬ ಆ ಹೂಡಿಕೆ ಯೋಜನೆಯನ್ನು ಹೆಚ್ಚಿನವರು ಸರ್ಕಾರದ ಠೇವಣಿ ಎಂದೇ ಭಾವಿಸಿದ್ದರು. ಯೂನಿಟ್‌ನ ದರವನ್ನು ಸಂಸ್ಥೆಯೇ ಗೊತ್ತುಮಾಡಿ ಪ್ರಕಟಿಸುತ್ತಿತ್ತು. ಒಳಗಿದ್ದ ಷೇರುಗಳ ಬೆಲೆ ಕುಸಿದಿದ್ದರೂ ಪ್ರಕಟವಾಗುವ ದರಕ್ಕೆ ಅದರ ಬಿಸಿ ತಟ್ಟಲಿಲ್ಲ. ಕೊನೆಗೆ ಎರಡರ ನಡುವಿನ ಕಂದಕ ಮುಚ್ಚಲಾಗದೆ 2001ರ ಜುಲೈನಲ್ಲಿ ಆರು ತಿಂಗಳ ಮಟ್ಟಿಗೆ ಯೂನಿಟ್‌ಗಳ ಮಾರಾಟ, ಮರುಖರೀದಿ (ಯೂನಿಟ್ ಹಿಂಪಡೆದು ಹಣ ಕೊಡುವುದು) ಎರಡನ್ನೂ ನಿಲ್ಲಿಸಲಾಯಿತು.

ಹಲವರ ಹಣ ಒಟ್ಟುಗೂಡಿಸಿ ಷೇರು, ಸಾಲಪತ್ರಗಳಲ್ಲಿ ಹೂಡುವ ಮ್ಯೂಚುವಲ್ ಫಂಡ್‌ಗಳು ಈಗ ಹಾಗೆ ದರ ಕಟ್ಟುವಂತಿಲ್ಲ. ನಿಧಿಯಲ್ಲಿರುವ ಷೇರುಗಳ ಆ ದಿನದ ಬೆಲೆ ಕೂಡಿಸಿ, ಖರ್ಚು ಕಳೆದು, ಯೂನಿಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಆ ದಿನದ ಬೆಲೆ. ವಹಿವಾಟಿನ ಪ್ರತಿದಿನವೂ ಅದನ್ನು ಪ್ರಕಟಿಸಬೇಕು. ಪೇಟೆ ಬಿದ್ದ ದಿನ ನಿಮ್ಮ ಹಣವೂ ಇಳಿದದ್ದು ಮೊಬೈಲಿನಲ್ಲಿ ಕಾಣುತ್ತದೆ, ಹೊಟ್ಟೆ ಉರಿಯುತ್ತದೆ. ಆದರೂ ಬಚ್ಚಿಟ್ಟ ನಷ್ಟಕ್ಕಿಂತ ಕಣ್ಣೆದುರಿನ ನಷ್ಟ ವಾಸಿ ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಹಣ ಸಿಕ್ಕಿಬೀಳುವುದೇ ಇಲ್ಲ ಎನ್ನಲಾರೆ. 2020ರ ಏಪ್ರಿಲ್‌ನಲ್ಲಿ ಫ್ರಾಂಕ್ಲಿನ್ ಟೆಂಪಲ್‌ಟನ್ ಎಂಬ ಫಂಡ್ ಸಂಸ್ಥೆ ಆರು ಸಾಲಪತ್ರ ನಿಧಿಗಳನ್ನು (ಷೇರಿನ ಬದಲು ಕಂಪನಿಗಳ ಸಾಲಪತ್ರಗಳಲ್ಲಿ ಹಣ ಹೂಡುವಂಥವು) ಏಕಾಏಕಿ ಮುಚ್ಚಿತು. ಯೂನಿಟ್‌ದಾರರ ಒಪ್ಪಿಗೆಯಿಲ್ಲದೆ ಹಾಗೆ ಮುಚ್ಚುವಂತಿಲ್ಲ ಎಂದು ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟೇ. ಹಣ ಮರಳಿತು, ಆದರೆ ಕಂತುಗಳಲ್ಲಿ, ಕಾಯಿಸಿ ಕಾಯಿಸಿ. ಸಾಲಪತ್ರ ನಿಧಿಯನ್ನು ಠೇವಣಿಯ ತಮ್ಮ ಎಂದು ಯಾರಾದರೂ ಪರಿಚಯಿಸಿದರೆ ಒಪ್ಪಬೇಡಿ.

ಇನ್ನು ಆ 65 ಲಕ್ಷ ಕೋಟಿ. 2014ರ ಮೇ ತಿಂಗಳಲ್ಲಿ ಉದ್ಯಮದ ಒಟ್ಟು ಗಾತ್ರ, ಅಂದರೆ ಅದು ನಿರ್ವಹಿಸುವ ಜನರ ಹಣ, ಮೊದಲ ಬಾರಿಗೆ 10 ಲಕ್ಷ ಕೋಟಿ ಮುಟ್ಟಿತ್ತು. 2025ರ ಮಾರ್ಚ್ ಹೊತ್ತಿಗೆ ಸುಮಾರು 65 ಲಕ್ಷ ಕೋಟಿ. ಅದೇ ಅವಧಿಯಲ್ಲಿ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 24,000ದ ಆಸುಪಾಸಿನಿಂದ 77,000ಕ್ಕೆ ಏರಿತು. ಅಂದರೆ ಬೆಳವಣಿಗೆಯ ಒಂದು ಪಾಲು ಷೇರುಪೇಟೆಯ ಏರಿಕೆ, ಉಳಿದದ್ದು ಜನ ಹೊಸದಾಗಿ ತಂದು ಸುರಿದ ದುಡ್ಡು. 2016ರ ಏಪ್ರಿಲ್‌ನಲ್ಲಿ ಎಸ್‌ಐಪಿ ಮೂಲಕ ಬಂದದ್ದು ಸುಮಾರು ₹3,100 ಕೋಟಿ, 2024ರ ಡಿಸೆಂಬರ್‌ನಲ್ಲಿ ₹26,000 ಕೋಟಿಗೂ ಹೆಚ್ಚು. ಈ ಹಣದ ಬಹುಪಾಲು ಇನ್ನೂ ದೊಡ್ಡ ನಗರಗಳದ್ದೇ. ಸಾಗರದಂಥ ಊರುಗಳತ್ತ ಉದ್ಯಮ ಈಗ ಕಣ್ಣು ಹಾಯಿಸಿರುವುದು ಅದಕ್ಕೇ. ಹಾಗಾಗಿ ಅದು ಇನ್ನೂ ಬೆಳೆಯುತ್ತದೆ ಎಂದೇ ನನಗೂ ಅನ್ನಿಸುತ್ತದೆ. ಆದರೆ ಉದ್ಯಮ ಬೆಳೆದರೆ ಮೊದಲು ಹೆಚ್ಚುವುದು ಅದರ ಶುಲ್ಕದ ಆದಾಯ. ನಿಮ್ಮ ಗಳಿಕೆಯ ಲೆಕ್ಕ ಬೇರೆ.

ಎಸ್‌ಐಪಿ ನಿಮಗೆ ಪೂರ್ತಿ ಹೊಸದೇನಲ್ಲ. ಉಡುಪಿಯ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಪಿಗ್ಮಿ ಸಂಗ್ರಹಿಸತೊಡಗಿದ್ದೂ ಇದೇ ಶಿಸ್ತನ್ನು ನಂಬಿ. ವ್ಯತ್ಯಾಸವಿಷ್ಟೆ: ಪಿಗ್ಮಿಯಲ್ಲಿ ಕಟ್ಟಿದ ಅಸಲು ಇಳಿಯದು, ಇಲ್ಲಿ ಇಳಿಯಬಹುದು. ಆದ್ದರಿಂದ ಅಂಗಡಿಯ ಸರಕಿಗೆ, ಮಕ್ಕಳ ಮುಂದಿನ ವರ್ಷದ ಫೀಸಿಗೆ ಬೇಕಾದ ಹಣ ಪಿಗ್ಮಿಯಲ್ಲೇ ಇರಲಿ. ಏಳೆಂಟು ವರ್ಷ ಮುಟ್ಟದೆ ಇರಬಲ್ಲ ಹಣವಿದ್ದರೆ ಮಾತ್ರ ಎಸ್‌ಐಪಿ, ಅದೂ ಮೊದಲಿಗೆ ₹2,000 ಸಾಕು.

ಸಹಿ ಮಾಡುವ ಮುನ್ನ ಅರ್ಜಿಯಲ್ಲಿ ಯೋಜನೆಯ ಹೆಸರಿನ ಕೊನೆಯನ್ನು ನೋಡಿ. ‘ರೆಗ್ಯುಲರ್’ ಎಂದಿದ್ದರೆ, ನೀವು ಹೂಡಿಕೆಯಲ್ಲಿರುವಷ್ಟು ವರ್ಷವೂ ಮಾರಿದವರಿಗೆ ನಿಮ್ಮ ನಿಧಿಯಿಂದಲೇ ಕಮಿಷನ್ ಹೋಗುತ್ತದೆ. 2013ರ ಜನವರಿಯಿಂದ ಸಿಗುತ್ತಿರುವ ‘ಡೈರೆಕ್ಟ್’ನಲ್ಲಿ ಆ ಕಮಿಷನ್ ಇಲ್ಲ. ಲೆಕ್ಕಕ್ಕೆಂದು ಹೇಳುತ್ತೇನೆ, ಭರವಸೆಯೆಂದಲ್ಲ: ತಿಂಗಳಿಗೆ ₹5,000ದಂತೆ 20 ವರ್ಷ ಕಟ್ಟಿ ಶೇ 12 ಸಿಕ್ಕರೆ ಸುಮಾರು ₹50 ಲಕ್ಷ, ಶೇ 11 ಸಿಕ್ಕರೆ ₹44 ಲಕ್ಷದೊಳಗೆ. ಶೇ 1ರ ಶುಲ್ಕಕ್ಕೆ ₹6 ಲಕ್ಷ. ತೂಕದಲ್ಲಿ ಹತ್ತು ಗ್ರಾಂ ಕಡಿಮೆಯಾದರೂ ಗಿರಾಕಿ ಕೇಳುತ್ತಾನಲ್ಲ, ನೀವೂ ಬ್ಯಾಂಕಿನವರನ್ನು ಕೇಳಿ: ಇದರಲ್ಲಿ ನಿಮ್ಮ ಕಮಿಷನ್ ಎಷ್ಟು?