ಸಂಪಾದಕರ ಉತ್ತರ: ಅಮ್ಮನ ಫಾರಂನಲ್ಲಿ ಸೊನ್ನೆ ಯಾಕೆ?

ಹೊಸನಗರ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ ಇದು: "ಆರೋಗ್ಯ ಸಮೀಕ್ಷೆಯವರು ಮನೆಗೆ ಬಂದಿದ್ದರು. ಬಿಡುವಿನ ವೇಳೆಯಲ್ಲಿ ವ್ಯಾಯಾಮ, ಆಟ, ವಾಕಿಂಗ್ ಏನಾದರೂ ಮಾಡ್ತೀರಾ ಅಂತ ಅಮ್ಮನನ್ನು ಕೇಳಿದರು. ಅಮ್ಮ ಇಲ್ಲ ಅಂದರು. ಫಾರಂನಲ್ಲಿ ಸೊನ್ನೆ ಬಿತ್ತು. ಅದೇ ಅಮ್ಮ ಬೆಟ್ಟದಿಂದ ಸೊಪ್ಪು ಹೊರುತ್ತಾರೆ, ಕೊಟ್ಟಿಗೆ ಬಾಚುತ್ತಾರೆ, ರಾತ್ರಿ ಅಡಿಕೆ ಸುಲಿಯುತ್ತಾರೆ. ಇಂಥವರನ್ನು ಮೈ ಬಗ್ಗಿಸದವರ ಪಟ್ಟಿಗೆ ಸೇರಿಸುವ ಸಮೀಕ್ಷೆಗೆ ಏನು ಬೆಲೆ? ಇದರ ಮೇಲೆ ಅಮ್ಮ ವಾಕಿಂಗ್ ಬೇರೆ ಹೋಗಬೇಕಾ?"

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸೊನ್ನೆ ಸುಳ್ಳಲ್ಲ. ಅದನ್ನು ಓದುವ ರೀತಿಯಲ್ಲಿ ತಪ್ಪಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಜಿಪ್ಯಾಕ್ ಎಂಬ ಪ್ರಶ್ನಾವಳಿಯನ್ನೇ ನೋಡಿ. ಅದರಲ್ಲಿ 16 ಪ್ರಶ್ನೆಗಳಿವೆ. ಮೊದಲು ಕೆಲಸ, ಆಮೇಲೆ ಓಡಾಟ, ಆಮೇಲೆ ಬಿಡುವಿನ ಚಟುವಟಿಕೆ, ಕೊನೆಗೆ ಕೂತು ಕಳೆಯುವ ಹೊತ್ತು. ಕೆಲಸ ಅಂದರೆ ಸಂಬಳದ್ದೇ ಆಗಬೇಕಿಲ್ಲ. ಮನೆಗೆಲಸ, ಕೊಯ್ಲು ಎಲ್ಲ ಅದರಲ್ಲೇ ಬರುತ್ತದೆ. ಸುಮ್ನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿಯನ್ನು 1 ಮೆಟ್ ಅಂತ ಇಟ್ಟುಕೊಳ್ಳುತ್ತಾರೆ. ಏದುಸಿರು ಬರಿಸುವ ಕೆಲಸಕ್ಕೆ 8, ಉಸಿರು ಸ್ವಲ್ಪ ಜೋರಾಗುವ ಕೆಲಸಕ್ಕೆ 4. ಅದನ್ನು ನಿಮಿಷಗಳಿಂದ ಗುಣಿಸಬೇಕು. ಆ ಮೊತ್ತ ವಾರಕ್ಕೆ 600 ಮುಟ್ಟಿದರೆ ಸಾಕಷ್ಟು ಚಟುವಟಿಕೆ ಇದೆ ಅಂತ ಲೆಕ್ಕ.

ಸೊಪ್ಪಿನ ಕಾಲದಲ್ಲಿ ನಿಮ್ಮ ಅಮ್ಮ ದಿನಕ್ಕೆ ಒಂದು ಗಂಟೆಯಂತೆ ವಾರಕ್ಕೆ ಐದು ದಿನ ಹೊರೆ ಹೊರುತ್ತಾರೆ ಅಂದುಕೊಳ್ಳೋಣ. 300 ನಿಮಿಷ, 8ರಿಂದ ಗುಣಿಸಿದರೆ 2400. ಶಿವಮೊಗ್ಗದ ಗಾಂಧಿ ಪಾರ್ಕಿನಲ್ಲಿ ಐದು ದಿನ ಮುಕ್ಕಾಲು ಗಂಟೆ ಬಿರುಸಾಗಿ ನಡೆಯುವ ಬ್ಯಾಂಕ್ ಉದ್ಯೋಗಿಯದು 225 ನಿಮಿಷ, 4ರಿಂದ ಗುಣಿಸಿದರೆ 900. ಬಿಡುವಿನ ಭಾಗವನ್ನಷ್ಟೇ ಕತ್ತರಿಸಿ ನೋಡಿದರೆ ಅವರದು 900, ಅಮ್ಮನದು ಸೊನ್ನೆ. ಆ ತುಂಡನ್ನು ಇಡೀ ಲೆಕ್ಕ ಅಂತ ಯಾರಾದರೂ ಬರೆದರೆ ಅದು ಅನ್ಯಾಯ.

ಹಾಗಾದರೆ ಬಿಡುವನ್ನು ಪ್ರತ್ಯೇಕವಾಗಿ ಯಾಕೆ ಕೇಳಬೇಕು? ಈ ವಿಚಾರದ ಹೆಸರಾಂತ ಅಧ್ಯಯನವೊಂದು ಶುರುವಾದದ್ದು ಕೆಲಸದಿಂದಲೇ. 1953ರಲ್ಲಿ ಬ್ರಿಟನ್ನಿನ ವೈದ್ಯ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಡಬ್ಬಲ್ ಡೆಕರ್ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿದರು. ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ, ಕೂತೇ ಇರುವ ಡ್ರೈವರುಗಳಿಗಿಂತ ಹೃದಯದ ಕಾಯಿಲೆ ಕಡಿಮೆ ಇತ್ತು. ಆಮೇಲೆ ಶ್ರೀಮಂತ ದೇಶಗಳಲ್ಲಿ ಕೆಲಸವೆಲ್ಲ ಕುರ್ಚಿಗೆ ಬಂತು. ಮೈ ಆಡಿಸಲು ಉಳಿದದ್ದು ಬಿಡುವಿನ ಹೊತ್ತು ಮಾತ್ರ. ಹಾಗಾಗಿ ಅಮೆರಿಕದ ದೊಡ್ಡ ಫೋನ್ ಸಮೀಕ್ಷೆಯೊಂದು ಇವತ್ತಿಗೂ "ನಿಮ್ಮ ಉದ್ಯೋಗ ಬಿಟ್ಟು" ಕಳೆದ ತಿಂಗಳು ಏನು ಮಾಡಿದಿರಿ ಅಂತ ಕೇಳುತ್ತದೆ. ಆ ಪ್ರಶ್ನೆಯನ್ನು ಒಂದಿಷ್ಟೂ ಬದಲಿಸದೆ ಹೊಸನಗರಕ್ಕೆ ತಂದರೆ ನಮ್ಮ ಅರ್ಧ ಊರು ಕಾಣುವುದೇ ಇಲ್ಲ.

ಇನ್ನೊಂದು ಕಾರಣವೂ ಇದೆ. ಡೆನ್ಮಾರ್ಕಿನ ಸಂಶೋಧಕರು ಹೇಳುವ ಪ್ರಕಾರ ಬಿಡುವಿನಲ್ಲಿ ನಡೆದಾಡಿದಾಗ ಹೃದಯಕ್ಕೆ ಆಗುವ ಲಾಭ ಎಲ್ಲ ಭಾರದ ಕೆಲಸದಿಂದಲೂ ಸಿಗುವುದಿಲ್ಲ. ಭಾರ ಹೊರುವವರಿಗೆ ಗಂಟೆಗಟ್ಟಲೆ ಬಿಪಿ ಏರಿಯೇ ಇರುತ್ತದೆ, ಸುಧಾರಿಸಿಕೊಳ್ಳಲು ಪುರುಸೊತ್ತಿರುವುದಿಲ್ಲ. ಈ ವಾದದ ಬಗ್ಗೆ ಚರ್ಚೆ ನಡೆದೇ ಇದೆ. ಆದರೂ "ಹೊಲ, ತೋಟದ ಕೆಲಸ ಮಾಡ್ತಾರೆ, ಅವರಿಗೇನು ಕಮ್ಮಿ" ಅಂತ ಕೈತೊಳೆದುಕೊಳ್ಳುವುದು ಸರಿಯಲ್ಲ ಅಂತ ನನಗೆ ಅನ್ನಿಸುತ್ತದೆ.

ನನಗೆ ಹೆಚ್ಚು ಕಾಡುವುದು ಬೇರೆ. ಕೆಲಸದ ಪ್ರಶ್ನೆ ಕೇಳಿದಾಗ ನಿಮ್ಮ ಅಮ್ಮ ಏನು ಉತ್ತರ ಕೊಟ್ಟರು? "ಏನಿಲ್ಲ, ಮನೆ ಕೆಲಸ ಅಷ್ಟೆ" ಅಂದಿರಬಹುದಾ? ನಮ್ಮ ಕಡೆ ಎಷ್ಟೋ ಹೆಂಗಸರು ಹೇಳುವುದೇ ಹಾಗೆ. ಆಗ ಅಲ್ಲೂ ಸೊನ್ನೆ ಬೀಳುತ್ತದೆ. ಜಿಪ್ಯಾಕ್ "ಸಾಮಾನ್ಯ ವಾರ" ಹೇಗಿರುತ್ತದೆ ಅಂತ ಕೇಳುತ್ತದೆ. ಮಲೆನಾಡಿನಲ್ಲಿ ಯಾವುದು ಸಾಮಾನ್ಯ ವಾರ? ಮಳೆಗಾಲದ ಹಸಿ ಸೊಪ್ಪಿನದೋ, ಬೇಸಿಗೆಯ ದರಕಿನದೋ (ಒಣ ಎಲೆ), ಅಡಿಕೆ ಕೊನೆ ಕೊಯ್ಲಿನದೋ? ಇನ್ನು ಕೆಲವು ಪ್ರಶ್ನಾವಳಿಗಳು ಕಳೆದ 7 ದಿನವನ್ನಷ್ಟೇ ಕೇಳುತ್ತವೆ. ಜುಲೈನಲ್ಲಿ ಕೇಳಿದರೆ ಒಂದು ಉತ್ತರ, ಡಿಸೆಂಬರಿನಲ್ಲಿ ಕೇಳಿದರೆ ಇನ್ನೊಂದು. ಸಮೀಕ್ಷೆಯನ್ನು ವರ್ಷವಿಡೀ ಹಂಚಿ ಮಾಡಬೇಕು ಅನ್ನುವುದು ಇದಕ್ಕೇ. ಹಳೆಯ ಫಾರಂಗಳಲ್ಲಿ ಒಂದೇ ಸಮನೆ 10 ನಿಮಿಷ ಮಾಡಿದ್ದನ್ನು ಮಾತ್ರ ಎಣಿಸುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ಆ ಷರತ್ತು ಹೋಯಿತು.

ಬಾಯಿಮಾತು ಬೇಡ, ಅಲುಗಾಟ ಅಳೆಯುವ ಯಂತ್ರವನ್ನು ಸೊಂಟಕ್ಕೆ ಕಟ್ಟೋಣ ಅನ್ನುವವರಿದ್ದಾರೆ. ಅದೂ ಬೇಕು. ಅಮೆರಿಕದಲ್ಲಿ 2003–04ರಲ್ಲಿ ಹಾಗೆ ಅಳೆದಾಗ ಸಾಕಷ್ಟು ಚಟುವಟಿಕೆ ಇದ್ದ ವಯಸ್ಕರು ಶೇ. 5ಕ್ಕಿಂತ ಕಡಿಮೆ ಇದ್ದರು. ಬಾಯಲ್ಲಿ ಹೇಳಿದವರ ಸಂಖ್ಯೆ ಅದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಆದರೆ ಅಡಿಕೆ ಸುಲಿಯುವವರನ್ನು ನೆನೆಸಿಕೊಳ್ಳಿ. ಮೆಟ್ಟುಗತ್ತಿಯ ಮುಂದೆ ಕೂತು ನಡುರಾತ್ರಿಯವರೆಗೆ ಎರಡೂ ಕೈ ಬಿಡುವಿಲ್ಲದೆ ಆಡುತ್ತಿರುತ್ತವೆ. ಸೊಂಟ ಮಾತ್ರ ಅಲ್ಲಾಡುವುದಿಲ್ಲ. ಆ ಯಂತ್ರ ಇದನ್ನು ವಿಶ್ರಾಂತಿ ಅಂತ ಬರೆದುಕೊಳ್ಳುತ್ತದೆ. ತಲೆಯ ಮೇಲಿನ ಹೊರೆ ಎಷ್ಟು ತೂಕ ಅನ್ನುವುದೂ ಅದಕ್ಕೆ ಗೊತ್ತಾಗುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಕ್ಕರೆ ಕಾಯಿಲೆ ಅಧ್ಯಯನ, ಅಂದರೆ 2014ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್, ಜಿಪ್ಯಾಕ್ ಬಳಸಿ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢಗಳಲ್ಲಿ ಕೇಳಿತ್ತು. ಬಿಡುವಿನ ಚಟುವಟಿಕೆ ಇದೆ ಅಂದವರು ಶೇ. 10ಕ್ಕಿಂತ ಕಡಿಮೆ. ಇದನ್ನು ನಾನು ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಜೊತೆ ಇಟ್ಟು ಓದುತ್ತೇನೆ. ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸರು ಆಗ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಬಿಡುವೇ ಇಲ್ಲದವರನ್ನು ಬಿಡುವಿನಲ್ಲಿ ಏನು ಮಾಡ್ತೀರಿ ಅಂತ ಕೇಳಿದರೆ ಇನ್ನೇನು ಉತ್ತರ ಬರುತ್ತದೆ? ಅದಕ್ಕೇ ಆ ಪ್ರಶ್ನೆ ಇರಲಿ ಅನ್ನುತ್ತೇನೆ. ಯಾರಿಗೆ ತಮ್ಮದೇ ಅನ್ನುವ ಒಂದು ಗಂಟೆಯೂ ಇಲ್ಲ ಅನ್ನುವುದನ್ನು ಆ ಸೊನ್ನೆ ತೋರಿಸುತ್ತದೆ. ಆದರೆ ವರದಿಯಲ್ಲಿ ಕೆಲಸ, ಓಡಾಟ, ಬಿಡುವು ಮೂರೂ ಬೇರೆಬೇರೆಯಾಗಿ ಅಚ್ಚಾಗಬೇಕು. ನಮ್ಮ ಆರೋಗ್ಯ ಪುಟದಲ್ಲಿ ಇನ್ನು ಮುಂದೆ ಹಾಗೇ ಕೊಡುತ್ತೇವೆ.

ಸಮೀಕ್ಷೆಯವರು ಮತ್ತೆ ಬಂದರೆ ಅಮ್ಮನ ಪಕ್ಕ ಕೂತುಕೊಳ್ಳಿ. ಉತ್ತರ ಅವರೇ ಕೊಡಲಿ. ಸೊಪ್ಪು, ಸಗಣಿ, ನೀರು, ಅಡಿಕೆ ಅಂತ ಒಂದೊಂದೇ ನೆನಪು ಮಾಡಿಕೊಡಿ, ಸಾಕು.

ಇನ್ನು ವಾಕಿಂಗ್. ನಿಮಿಷದ ಲೆಕ್ಕ ತುಂಬಿಸಲು ನಿಮ್ಮ ಅಮ್ಮನಿಗೆ ಅದು ಬೇಕಿಲ್ಲ. ಅವರಿಗೆ 65 ದಾಟಿದ್ದರೆ ಬೀಳದಂತೆ ಕಾಪಾಡುವ ಸಮತೋಲನದ ಮತ್ತು ಬಲದ ವ್ಯಾಯಾಮ ವಾರಕ್ಕೆ 3 ದಿನ ಇದ್ದರೆ ಒಳ್ಳೆಯದು. ಕುತ್ತಿಗೆ, ಮಂಡಿ ನೋವಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ವಾರದಲ್ಲಿ ಎರಡು ದಿನ ಸೊಪ್ಪಿನ ಹೊರೆ ನೀವು ಹೊರಲು ಆಗುತ್ತದಾ ನೋಡಿ. ಆ ಹೊತ್ತಿನಲ್ಲಿ ಅವರು ನಡೆಯಲಿ, ಭಜನೆಗೆ ಹೋಗಲಿ, ಮಲಗಲಿ, ಅವರಿಷ್ಟ.