ನೆನಪಿಸಿಕೊಂಡಷ್ಟೂ ನೆನಪು ಗಟ್ಟಿಯಾಗುತ್ತದೆಯೇ?

ಪ್ರಶ್ನೆ: ನನ್ನ ತಂದೆಗೆ 70 ದಾಟಿದೆ. ಚಿಕ್ಕಂದಿನ ಘಟನೆಗಳನ್ನು ಕಣ್ಣಿಗೆ ಕಟ್ಟಿದ ಹಾಗೆ ಹೇಳುತ್ತಾರೆ. ನನಗೋ ಹೋದ ವಾರ ಓದಿದ್ದೇ ನೆನಪಿರುವುದಿಲ್ಲ. ಹಳೆಯದನ್ನು ಆಗಾಗ ನೆನೆಯುವುದರಿಂದ ನೆನಪು ಉಳಿಯುತ್ತದೆಯೇ?

ಉತ್ತರ: ಖಂಡಿತ ಉಳಿಯುತ್ತದೆ. ನಿಮ್ಮ ತಂದೆ ಆ ಘಟನೆಗಳನ್ನು ಎಷ್ಟು ಸಲ ಹೇಳಿರಬಹುದು, ಯೋಚಿಸಿ! ಘಟನೆ ನಡೆದಾಗ ಒಟ್ಟಿಗೆ ಚುರುಕಾಗಿದ್ದ ನರಕೋಶಗಳಲ್ಲಿ ಹಲವು, ಅದನ್ನು ನೆನೆದಾಗ ಮತ್ತೆ ಒಟ್ಟಿಗೆ ಚುರುಕಾಗುತ್ತವೆ. ಅವುಗಳ ನಡುವಿನ ಕೊಂಡಿ ಬಲವಾಗುತ್ತದೆ. ಶುರುವಿನಲ್ಲಿ ನೋಡಿದ್ದು, ಕೇಳಿದ್ದು ಎಲ್ಲವನ್ನೂ ಜೋಡಿಸಿಕೊಡುವುದು ಮಿದುಳಿನ ಒಳಗಿರುವ ಹಿಪೊಕ್ಯಾಂಪಸ್. ಕಾಲ ಕಳೆದಂತೆ ಮಿದುಳಿನ ಹೊರಪದರವೂ ಆ ನೆನಪಿನ ಭಾರ ಹೊರತೊಡಗುತ್ತದೆ.

ಇನ್ನು ನಿಮ್ಮ ಓದಿನ ವಿಷಯ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಒಂದು ಗುಂಪು ನಾಲ್ಕು ಅವಧಿಯೂ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಿದ್ದಷ್ಟು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಓದಿದವರಿಗೆ ಉಳಿದಿದ್ದು ಸುಮಾರು ಶೇ 40, ಬರೆದವರಿಗೆ ಶೇ 61! ಮತ್ತೆ ಮತ್ತೆ ಓದಿದಾಗ ಎಲ್ಲ ಗೊತ್ತಿದೆ ಅನ್ನಿಸುತ್ತದೆ, ಅಷ್ಟೇ. ಪುಸ್ತಕ ಮುಚ್ಚಿ, ತಿಣುಕಾಡಿಯಾದರೂ ನೆನಪು ಮಾಡಿಕೊಳ್ಳಿ. ಆಮೇಲೆ ತೆರೆದು ತಪ್ಪು ತಿದ್ದಿಕೊಳ್ಳಿ. ಮಾರನೆಯ ದಿನ ಒಮ್ಮೆ, ನಾಲ್ಕೈದು ದಿನ ಬಿಟ್ಟು ಇನ್ನೊಮ್ಮೆ ಹೀಗೇ ಮಾಡಿ.

ತಿದ್ದಿಕೊಳ್ಳುವುದು ಯಾಕೆ ಮುಖ್ಯ ಅಂದರೆ, ನೆನೆದಾಗ ನೆನಪು ಸ್ವಲ್ಪ ಹೊತ್ತು ಸಡಿಲವೂ ಆಗಬಹುದು. 2000ದಲ್ಲಿ ನರವಿಜ್ಞಾನಿ ಕರೀಮ್ ನಾದರ್ ಮತ್ತು ಸಂಗಡಿಗರು ಇದನ್ನು ಇಲಿಗಳಲ್ಲಿ ತೋರಿಸಿದರು. ಒಂದು ಶಬ್ದ ಕೇಳಿದರೆ ಹೆದರುವಂತೆ ಇಲಿಗಳನ್ನು ಪಳಗಿಸಿದ್ದರು. ಆ ಶಬ್ದವನ್ನು ಮತ್ತೆ ಕೇಳಿಸಿ, ಕೂಡಲೇ ಹೆದರಿಕೆಯ ನೆನಪಿಗೆ ಮುಖ್ಯವಾದ ಅಮಿಗ್ಡಲಾ ಎಂಬ ಮಿದುಳಿನ ಭಾಗದಲ್ಲಿ, ನೆನಪು ಭದ್ರವಾಗಲು ಬೇಕಾದ ಹೊಸ ಪ್ರೋಟೀನ್ ತಯಾರಾಗದಂತೆ ಔಷಧಿ ಕೊಟ್ಟರು. ಮುಂದೆ ಆ ಇಲಿಗಳ ಹೆದರಿಕೆ ತುಂಬಾ ಕಡಿಮೆಯಾಯಿತು. ಶಬ್ದ ಕೇಳಿಸದೆ ಸುಮ್ನೆ ಔಷಧಿ ಕೊಟ್ಟಾಗ ಹೆದರಿಕೆ ಹಾಗೇ ಉಳಿಯಿತು. ಅಂದರೆ ಹೊರತೆಗೆದ ನೆನಪನ್ನು ಮಿದುಳು ಮತ್ತೆ ಭದ್ರ ಮಾಡಬೇಕಾಗುತ್ತದೆ. ನಮ್ಮಲ್ಲೂ ಹೇಳುತ್ತಾ ಹೇಳುತ್ತಾ ಹೊಸ ವಿವರ ಸೇರಿಕೊಳ್ಳುತ್ತದೆ, ಅದೂ ಗಟ್ಟಿಯಾಗುತ್ತದೆ. ತಂದೆಯ ಮಾತು ಕೇಳುವಾಗ 'ಅವತ್ತು ಮಳೆ ಬರ್ತಿತ್ತು, ಅಲ್ವಾ?' ಅಂತ ಎತ್ತಿಕೊಡಬೇಡಿ. 'ಆಮೇಲೆ ಏನಾಯ್ತು?' ಅಂತಷ್ಟೇ ಕೇಳಿ.

ಇನ್ನೊಂದು ಮಾತು. ಹಳೆಯದು ಚೆನ್ನಾಗಿ ನೆನಪಿದೆ ಅಂದಮಾತ್ರಕ್ಕೆ ಎಲ್ಲ ಸರಿಯಿದೆ ಅಂದುಕೊಳ್ಳಬೇಡಿ. ಆಲ್ಝೈಮರ್ ಕಾಯಿಲೆಯಲ್ಲಿ ಮೊದಲು ಮರೆತುಹೋಗುವುದು ಹೆಚ್ಚಾಗಿ ಇತ್ತೀಚಿನ ವಿಷಯಗಳೇ. ತಂದೆ ಈಗಷ್ಟೇ ಕೇಳಿದ ಪ್ರಶ್ನೆಯನ್ನು ಪದೇ ಪದೇ ಕೇಳುತ್ತಿದ್ದರೆ ತಡ ಮಾಡದೆ ವೈದ್ಯರಿಗೆ ತೋರಿಸಿ.